ಮೀನು ಸೂಕ್ಷ್ಮವಂತೆ!

ಬ್ಲಾಗಿಗೆ ಧೂಳು ಹಿಡಿದು ಮೂರು ತಿಂಗಳಾಯ್ತು. "ಏನ್ರೀ, ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ದರು (ಇಬ್ಬರಾದ್ರೂ ಇದ್ದಾರಲ್ಲ!). ಬಿಟ್ಟಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಮೀನು. ರಿಲೀಸು ಹೇಗೋ ದಡ ಸೇರಿತು. ಮೀನಿನ ಬಗ್ಗೆ ಬರೆಯೋಣ ಅಂತ ನಾಲ್ಕೈದು ಸಲ ಕೂತು ಎದ್ದೆ. ಯಾಕಂದ್ರೆ ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಗಪ್ಪಿ, ಗೋಲ್ಡ್ ಫಿಶ್‌ಗಳಿಂದ. ಆಮೇಲೊಂದು ದಿನ ಯೂಟ್ಯೂಬಿನಲ್ಲಿ ಯಾರದೋ ಮನೆಯ ಸಮುದ್ರದ ಟ್ಯಾಂಕು ನೋಡಿದೆ. ಅಲ್ಲಿಗೆ ಮುಗೀತು. ಸಿಹಿನೀರಿನ ಟ್ಯಾಂಕಾದ್ರೆ ನೀರಿಗೆ ಕ್ಲೋರಿನ್ ತೆಗೆಯೋ ನಾಲ್ಕು ಹನಿ ಹಾಕಿದರೆ ಅರ್ಧ ಕೆಲಸ ಆದ ಹಾಗೆ. ಉಪ್ಪುನೀರಿನದು ಹಾಗಲ್ಲ. ಆರ್‌ಓ ನೀರು ಬೇಕು, ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅದಕ್ಕೆಂದೇ ಮಾಡಿದ ಉಪ್ಪು ಬೆರೆಸಬೇಕು (ಅಡುಗೆ ಉಪ್ಪಲ್ಲ ಸ್ವಾಮಿ), ಸಾಂದ್ರತೆ 1.025ರ ಆಸುಪಾಸು ಇದೆಯಾ ಅಂತ ನೋಡಬೇಕು. ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹಾಗಾಗಿ ದಿನಾ ಸಿಹಿನೀರು ಹಾಕಿ ಸರಿದೂಗಿಸಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತೆ, ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ಈ ಎರಡೂ ಬ್ಯಾಕ್ಟೀರಿಯಾಗಳು ಕಲ್ಲಿನ ಸಂದುಗೊಂದಿನಲ್ಲಿ ಬೇರೂರೋವರೆಗೆ ಮೀನು ಬಿಡೋ ಹಾಗಿಲ್ಲ. ನಂದು ಮೂರಡಿ ಉದ್ದದ, ಸುಮಾರು 190 ಲೀಟರಿನ ಟ್ಯಾಂಕು. ಐದು ವಾರ ಅದರ ಮುಂದೆ ಕೂತು ಖಾಲಿ ನೀರು ನೋಡಿದ್ದೇನೆ. ಆಗ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. "ಇಷ್ಟು ದುಡ್ಡು ಸುರಿದು ಬರೀ ನೀರು ಸಾಕ್ತಿದೀಯೇನೋ?" ಅಂದ್ರು.

ಕೊನೆಗೆ ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ಬಂದವು. ಅದೇ, ಕಿತ್ತಳೆ ಮೈಗೆ ಬಿಳಿ ಪಟ್ಟೆ, 2003ರ 'ಫೈಂಡಿಂಗ್ ನೀಮೋ' ಸಿನಿಮಾದ ಹೀರೋ. ಆಮೇಲೊಂದು ಗೋಬಿ. ಎರಡೂವರೆ ವರ್ಷ ಎಲ್ಲವೂ ಆರಾಮಾಗಿದ್ದವು. ಅಷ್ಟರಲ್ಲಿ ನನಗೆ ಅಹಂಕಾರ ಬಂತು. ಪ್ರೊಡಕ್ಷನ್ನಿನಲ್ಲಿ ಆರು ತಿಂಗಳು ಏನೂ ಕೆಟ್ಟಿಲ್ಲ ಅಂದ್ರೆ ನಮ್ಮ ಕೋಡು ಚೆನ್ನಾಗಿದೆ ಅಂದುಕೊಳ್ತೀವಲ್ಲ, ಅಂಥದೇ ಅಹಂಕಾರ. ಟೆಸ್ಟೇ ಆಗಿಲ್ಲ ಅನ್ನೋದು ಹೊಳೆಯೋದಿಲ್ಲ.

ಅಂಗಡಿಯಲ್ಲಿ ಮ್ಯಾಂಡರಿನ್ ನೋಡಿದ್ದು ಆಗಲೇ. ನೋಡಿಲ್ಲದವರಿಗೆ ಹೇಗೆ ಹೇಳಲಿ? ಬೆರಳುದ್ದದ ಮೀನು. ಕಡುನೀಲಿ ಮೈಮೇಲೆ ಕಿತ್ತಳೆ, ಹಸಿರು ಗೆರೆಗಳು ಅಂಕುಡೊಂಕಾಗಿ ಓಡುತ್ತವೆ. ರಂಗೋಲಿ ಹಾಕುತ್ತಾ ಹಾಕುತ್ತಾ ಕೈ ನಿಲ್ಲಿಸೋದು ಮರೆತ ಹಾಗೆ. ಆ ನೀಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನವಿಲುಗರಿಯ ನೀಲಿ, ಬಹುತೇಕ ಚಿಟ್ಟೆಗಳ ನೀಲಿ ನಿಜವಾದ ಬಣ್ಣವೇ ಅಲ್ಲ, ಬೆಳಕು ಚದುರುವ ಆಟ. ಮ್ಯಾಂಡರಿನ್ನಿನ ಚರ್ಮದಲ್ಲಿ ಮಾತ್ರ ನೀಲಿ ಬಣ್ಣವನ್ನೇ ತುಂಬಿಕೊಂಡ ಜೀವಕೋಶಗಳಿವೆ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಇದು ಬಲು ಅಪರೂಪ. ಈಜೋದೂ ವಿಚಿತ್ರ. ಕಲ್ಲಿನ ಮೇಲೆ ಸಣ್ಣ ಹೆಲಿಕಾಪ್ಟರಿನ ಹಾಗೆ ನಿಂತು, ಇಷ್ಟು ಜರುಗಿ, ಒಂದು ಸಲ ಕುಟುಕಿ, ಮತ್ತೆ ಇಷ್ಟು ಜರುಗುತ್ತೆ.

"ಸ್ವಲ್ಪ ಸೂಕ್ಷ್ಮ ಸಾರ್. ಆದ್ರೆ ನಿಮಗೆ ಎಕ್ಸ್‌ಪೀರಿಯನ್ಸ್ ಇದೆಯಲ್ಲ, ಸೆಟ್ ಆಗುತ್ತೆ" ಅಂದ ಅಂಗಡಿಯವನು. ಆ ಎರಡನೇ ವಾಕ್ಯಕ್ಕೆ ನಾನು ಬಿದ್ದೆ. ಎರಡು ಸಾವಿರದ ಚಿಲ್ಲರೆ ಕೊಟ್ಟು ತಂದೆ.

ಮ್ಯಾಂಡರಿನ್ ತಿನ್ನೋದು ಕೋಪೆಪಾಡ್ ಅನ್ನೋ ಸಾಸಿವೆಗಿಂತ ಸಣ್ಣ ಜೀವಿಗಳನ್ನು, ಅಂಥವೇ ಬೇರೆ ಸಣ್ಣ ಹುಳಗಳನ್ನು. ಅದೂ ಜೀವಂತ. ನಮ್ಮ ಹಾಗೆ ಎರಡು ಹೊತ್ತು ಊಟ ಮಾಡಿ ಸುಮ್ಮನಿರೋ ಜೀವ ಅಲ್ಲ ಅದು. ಬೆಳಗಿಂದ ಸಂಜೆಯವರೆಗೆ ಕಲ್ಲಿನಿಂದ ಒಂದೊಂದನ್ನೇ ಹೆಕ್ಕುತ್ತಲೇ ಇರಬೇಕು. ಒಣ ಕಾಳಿನ ಆಹಾರ ಮುಖದ ಮುಂದೆ ಬಿದ್ದರೂ ಅದು ಆಹಾರ ಅಂತ ಗೊತ್ತೇ ಆಗೋದಿಲ್ಲ. ಸಾಮಾನ್ಯವಾಗಿ ಹೇಳೋ ಲೆಕ್ಕ ಅಂದ್ರೆ, ಕನಿಷ್ಠ 280 ಲೀಟರಿನ, ಒಂದು ವರ್ಷವಾದರೂ ಹಳೆಯದಾದ, ಜೀವ ತುಂಬಿದ ಕಲ್ಲುಗಳಿರೋ ಟ್ಯಾಂಕು ಇದ್ದರೆ ಮಾತ್ರ ಒಂದು ಮ್ಯಾಂಡರಿನ್ ಬದುಕಬಹುದು. ನನ್ನ ಟ್ಯಾಂಕಿನಲ್ಲಿ ಇದ್ದದ್ದು ಒಣ ಕಲ್ಲು. ಅದಕ್ಕೊಂದು ಕಾರಣವಿದೆ. ವಿದೇಶದ ವಿಡಿಯೋಗಳಲ್ಲಿ ತೋರಿಸೋ ಹಾಗೆ ಸಮುದ್ರದಿಂದ ಎತ್ತಿದ 'ಲೈವ್ ರಾಕ್' ನಮ್ಮಲ್ಲಿ ತರೋ ಹಾಗಿಲ್ಲ. ಗಟ್ಟಿ ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ ಸೇರಿಸಿದ್ದಾರೆ, ಸಮುದ್ರ ಕುದುರೆಗಳನ್ನೂ. ಸರಿಯಾದ ಕಾನೂನೇ. ಆದರೆ ಅದರ ಅರ್ಥ ಏನು? ಕಾನೂನು ಪಾಲಿಸೋ ನನ್ನಂಥವನ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಇರುತ್ತೆ, ಪಾಚಿ ಇರುತ್ತೆ, ಮ್ಯಾಂಡರಿನ್ನಿಗೆ ಊಟ ಇರೋದಿಲ್ಲ. ಇದಿಷ್ಟೂ ಗೂಗಲ್ ಮಾಡಿದರೆ ಹತ್ತು ನಿಮಿಷದಲ್ಲಿ ಸಿಗೋ ಮಾಹಿತಿ. ಮೀನು ತಂದ ಮೇಲೆ ಗೂಗಲ್ ಮಾಡಿದೆ.

ಮೊದಲ ವಾರ ಚೆನ್ನಾಗಿತ್ತು. ವಿಡಿಯೋ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದೆ, ನಲವತ್ತು ಜನ ಹಾರ್ಟು ಒತ್ತಿದರು. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, "ಶೃಂಗೇರಿ ಮೀನಿನ ಥರ ಇದಕ್ಕೂ ಮಂಡಕ್ಕಿ ಹಾಕ್ಬಹುದೇನೋ?" ಅಂದ್ರು. ನಕ್ಕೆ. ಎರಡನೇ ವಾರ ನಕ್ಕಿದ್ದು ನೆನಪಾಯ್ತು. ಫ್ರೋಜನ್ ಸಿಗಡಿ ಹಾಕಿದೆ, ಮೂಸಲಿಲ್ಲ. ಆರ್ಟೀಮಿಯಾ ಮೊಟ್ಟೆ ತರಿಸಿ, ಎರಡು ಲೀಟರಿನ ಕೋಲಾ ಬಾಟಲಿ ತಲೆಕೆಳಗು ಮಾಡಿ, ಗಾಳಿ ಪಂಪು ಬಿಟ್ಟು, ದಿನಕ್ಕೊಂದು ಬ್ಯಾಚು ಮರಿ ಮಾಡಿ ಹಾಕಿದೆ. ಅದನ್ನು ತಿಂತು. ಆದರೆ ಅದರ ಮುಂದೆ ಹೋದವುಗಳಲ್ಲಿ ಒಂದೋ ಎರಡೋ, ಉಳಿದಿದ್ದನ್ನು ಕ್ಲೌನ್‌ಗಳು ಮುಗಿಸಿದವು. ರಾತ್ರಿ ಒಂದು ಗಂಟೆಗೆ ಪಿಪೆಟ್ ಹಿಡಿದು ಮೀನಿನ ಬಾಯಿಗೆ ಗುರಿ ಇಟ್ಟು ಕೂತಿರೋ ನನ್ನನ್ನು ನೋಡಿ ರೂಮ್‌ಮೇಟು ಏನೂ ಹೇಳದೆ ಲೈಟು ಆರಿಸಿ ಹೋಗಿದ್ದ.

ಹಸಿದ ಮ್ಯಾಂಡರಿನ್ ನೋಡೋಕೆ ಕಾಯಿಲೆ ಬಿದ್ದ ಹಾಗೆ ಕಾಣೋದಿಲ್ಲ. ಬಣ್ಣ ಮಾಸೋದಿಲ್ಲ. ಹೆಕ್ಕೋದು ನಿಲ್ಲಿಸೋದಿಲ್ಲ. ಏನೂ ಇಲ್ಲದ ಕಲ್ಲನ್ನು ದಿನವಿಡೀ ಕುಟುಕುತ್ತಲೇ ಇರುತ್ತೆ. ಮುಂದಿನಿಂದ ನೋಡಿದರೆ ಮಾತ್ರ ಹೊಟ್ಟೆ ಒಳಗೆ ಸೇರಿ, ತಲೆಯ ಹಿಂದೆ ಬೆನ್ನು ಕತ್ತಿಯ ಹಾಗೆ ಚೂಪಾಗಿರೋದು ಕಾಣುತ್ತೆ. ಏಳನೇ ವಾರ ಒಂದು ಬೆಳಗ್ಗೆ ಪಂಪಿನ ಹತ್ತಿರ ಅಡ್ಡ ಬಿದ್ದಿತ್ತು. ಆಗಲೂ ಅದೇ ನೀಲಿ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಮನೆಗೆ ತಂದು ಹೊಟ್ಟೆಗಿಲ್ಲದ ಹಾಗೆ ಮಾಡಿದ್ಯಲ್ಲೋ" ಅಂದ್ರು. ಬೈಗುಳ ಅಲ್ಲ, ಬೇಜಾರಿನಲ್ಲಿ ಹೇಳಿದ್ದು. ಅದಕ್ಕೇ ಜಾಸ್ತಿ ತಾಗಿತು.

ಎರಡು ವಾರ ಬಿಟ್ಟು ಉಪ್ಪು ತರೋಕೆ ಅದೇ ಅಂಗಡಿಗೆ ಹೋದೆ. ಅದೇ ಗಾಜಿನ ಡಬ್ಬದಲ್ಲಿ ಇನ್ನೊಂದು ಮ್ಯಾಂಡರಿನ್. "ಡಿಮ್ಯಾಂಡ್ ಇದೆ ಸಾರ್. ನಿಮ್ಮ ಆಫೀಸಿನವರೇ ಒಬ್ರು ಬಂದು ವಿಡಿಯೋ ತೋರಿಸಿ ತಗೊಂಡು ಹೋದ್ರು" ಅಂದ. ನನ್ನ ವಿಡಿಯೋ! ಆ ಹುಡುಗ ಬೇರೆ ಟೀಮಿನವನು, ಟ್ಯಾಂಕು ಶುರು ಮಾಡಿ ನಾಲ್ಕು ತಿಂಗಳೂ ಆಗಿರಲಿಲ್ಲ. ಅವನ ಮೀನು ಮೂರು ವಾರ ಬದುಕಿತು. ಅವನು ಅಂದುಕೊಂಡಿದ್ದು ಏನು ಗೊತ್ತಾ? ಅವನಿಗೆ ನನ್ನಷ್ಟು ಅನುಭವ ಇಲ್ಲ, ಅದಕ್ಕೇ ಸತ್ತಿತು ಅಂತ.

ನನ್ನ ತಕರಾರು ಇರೋದು ಇಲ್ಲೇ. 'ಸೂಕ್ಷ್ಮ ಮೀನು', 'ಅನುಭವಿಗಳಿಗೆ ಮಾತ್ರ' ಅನ್ನೋ ಈ ಎರಡು ಮಾತು ಸೇರಿ ಮಾಡೋ ಮೋಸ ದೊಡ್ಡದು. ಮೊದಲನೆಯದು ತಪ್ಪನ್ನು ಮೀನಿನ ತಲೆಗೆ ಕಟ್ಟುತ್ತೆ. ಎರಡನೆಯದು ಕೊಳ್ಳೋವನ ಬೆನ್ನು ತಟ್ಟುತ್ತೆ. ಮ್ಯಾಂಡರಿನ್ ಎಲ್ಲಿ ಸೂಕ್ಷ್ಮ? ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡೆ ಬಿರುಗಾಳಿ, ಕೆಸರು, ದೊಡ್ಡ ಮೀನುಗಳ ನಡುವೆ ಯಾರ ಹಂಗೂ ಇಲ್ಲದೆ ಬದುಕುತ್ತೆ. ಮೈಮೇಲೆ ಹುರುಪೆ ಇಲ್ಲ, ಅದರ ಬದಲು ಕೆಟ್ಟ ವಾಸನೆಯ ವಿಷದ ಲೋಳೆ ಬಳಕೊಂಡಿರುತ್ತೆ, ಯಾವ ಮೀನೂ ಬಾಯಿ ಹಾಕಲ್ಲ. ಗಟ್ಟಿ ಜೀವ ಅದು. ಸೂಕ್ಷ್ಮವಾಗಿರೋದು ನಮ್ಮ 190 ಲೀಟರು.

ಕ್ಲೀನರ್ ರಾಸ್ ಅಂತ ಇನ್ನೊಂದಿದೆ. ನೀಲಿ-ಕಪ್ಪು ಪಟ್ಟೆಯ ಸಣ್ಣ ಮೀನು, ಹವಳದ ದಿಬ್ಬದ ಕ್ಷೌರಿಕ ಅನ್ನಿ. ಒಂದು ಜಾಗ ಹಿಡಿದು ಅಂಗಡಿ ಇಟ್ಟಿರುತ್ತೆ. ದೊಡ್ಡ ದೊಡ್ಡ ಮೀನುಗಳು ಬಂದು ಬಾಯಿ ತೆರೆದು ನಿಲ್ಲುತ್ತವೆ, ಇದು ಅವುಗಳ ಮೈಮೇಲಿನ, ಕಿವಿರಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತೆ. ದಿನಕ್ಕೆ ನೂರಾರು ಗಿರಾಕಿ. ಇದನ್ನು ತಂದು ಐದು ಮೀನಿನ ಟ್ಯಾಂಕಿಗೆ ಬಿಟ್ಟರೆ? ಒಂದು ಮನೆಗೆ ಒಬ್ಬ ಹಜಾಮನನ್ನು ಕೂಡಿಹಾಕಿದ ಹಾಗೆ. ಅದು ಒಣಗುತ್ತಾ ಹೋಗುತ್ತೆ. ಇನ್ನು ಅಲ್ಲಿ ಬಿಟ್ಟು ಬಂದ ದಿಬ್ಬದ ಗತಿ? ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಕೆಲವು ದಿಬ್ಬಗಳಿಂದ ಈ ಕ್ಲೀನರ್‌ಗಳನ್ನು ಎಂಟೂವರೆ ವರ್ಷ ದೂರವಿಟ್ಟು ನೋಡಿದ್ದಾರೆ. 2011ರಲ್ಲಿ ಅದರ ಫಲಿತಾಂಶ ಬಂತು. ಅಂಥ ದಿಬ್ಬಗಳಲ್ಲಿ ಮೀನಿನ ಸಂಖ್ಯೆಯೂ ಕಡಿಮೆ, ಬಗೆಗಳೂ ಕಡಿಮೆ.

ನೀಮೋ ಸಿನಿಮಾದಲ್ಲಿ ದಂತವೈದ್ಯನ ಟ್ಯಾಂಕಿನಿಂದ ತಪ್ಪಿಸಿಕೊಳ್ಳೋಕೆ ಸದಾ ಪ್ಲಾನ್ ಹಾಕೋ ಗಾಯದ ಮುಖದ ಗಿಲ್ ನೆನಪಿದೆಯಾ? ಅದು ಮೂರಿಶ್ ಐಡಲ್. ನಿಜಜೀವನದಲ್ಲಿ ಆ ಮೀನು ಮನೆಯ ಟ್ಯಾಂಕಿನಲ್ಲಿ ಹೆಚ್ಚಾಗಿ ಊಟ ಬಿಟ್ಟೇ ಸಾಯುತ್ತೆ. ಸಿನಿಮಾದವರಿಗೆ ಗೊತ್ತಿದ್ದೇ ಆ ಪಾತ್ರ ಕೊಟ್ರೋ ಏನೋ.

ಹಿಡಿಯೋ ರೀತಿಯ ಬಗ್ಗೆಯೂ ಒಂದು ಮಾತು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಲ್ಲಿ ಶುರುವಾದ ಸಯನೈಡ್ ಚಟ ಅಕ್ಕಪಕ್ಕದ ದೇಶಗಳಿಗೂ ಹಬ್ಬಿತು. ಸೋಡಿಯಂ ಸಯನೈಡ್ ಮಾತ್ರೆ ಕರಗಿಸಿದ ನೀರನ್ನು ಬಾಟಲಿಯಿಂದ ಹವಳದ ಸಂದಿಗೆ ಚಿಮ್ಮಿಸಿದರೆ ಮೀನು ಅಮಲೇರಿ ಕೈಗೆ ಸಿಗುತ್ತೆ. ಹವಳ ಸಾಯುತ್ತೆ. ಮೀನು ಕೆಲವೊಮ್ಮೆ ವಾರಗಳ ನಂತರ, ಯಾರದೋ ಹಾಲ್‌ನಲ್ಲಿ, ಕಾರಣವೇ ತಿಳಿಯದ ಹಾಗೆ ಸಾಯುತ್ತೆ. ಕಾನೂನು ನಿಷೇಧಿಸಿದೆ, ನಿಂತಿಲ್ಲ. ಮ್ಯಾಂಡರಿನ್ನನ್ನು ಕೆಲವೆಡೆ ಸೂಜಿಯಂಥ ಸಣ್ಣ ಈಟಿಯಿಂದ ರೆಕ್ಕೆಗೆ ಚುಚ್ಚಿ ಹಿಡಿಯೋದೂ ಉಂಟು. ಹಿಡಿಯೋದು ಬೆನ್ನಿನ ರೆಕ್ಕೆ ಉದ್ದವಿರೋ ದೊಡ್ಡ ಗಂಡುಗಳನ್ನೇ, ಯಾಕಂದ್ರೆ ಬೆಲೆ ಅದಕ್ಕೇ. ಹೆಣ್ಣುಗಳಿಗೆ ಬೇಕಾಗಿರೋದೂ ಅವೇ ದೊಡ್ಡ ಗಂಡುಗಳು. ಮುಸ್ಸಂಜೆಯಲ್ಲಿ ಜೋಡಿಯಾಗಿ ಕೆನ್ನೆಗೆ ಕೆನ್ನೆ ತಾಗಿಸಿ ನೀರಿನಲ್ಲಿ ಮೇಲೇರಿ ಮೊಟ್ಟೆ ಬಿಡುತ್ತವಂತೆ. ಆ ವಿಡಿಯೋ ನೋಡಿದ್ದೇನೆ. ನನ್ನ ಟ್ಯಾಂಕಿನ ಎತ್ತರ ಒಂದೂವರೆ ಅಡಿ.

"ಅಂಗಡಿಯಲ್ಲಿ ಹೇಗೂ ಸಾಯುತ್ತೆ, ನಾನಾದ್ರೂ ಉಳಿಸ್ತೀನಿ" ಅನ್ನೋ ವಾದವನ್ನು ನಾನೂ ಮಾಡಿದ್ದೆ. ಕೇಳೋಕೆ ಕರುಣೆಯ ಹಾಗಿದೆ. ಅಂಗಡಿಯವನ ರಿಜಿಸ್ಟರಿಗೆ ಕರುಣೆ ಗೊತ್ತಿಲ್ಲ, ಒಂದು ಹೋಯ್ತು, ಇನ್ನೊಂದು ತರಿಸು ಅಂತ ಮಾತ್ರ ಗೊತ್ತು. ಅವನನ್ನೂ ನಾನು ದೂರಲಾರೆ. ಬಾಡಿಗೆ ಕಟ್ಟಬೇಕು ಅವನಿಗೆ.

'ಅಪರೂಪ' ಅನ್ನೋ ಮಾತು ಇನ್ನೂ ಕೆಟ್ಟದ್ದು. ಇಂಡೋನೇಷ್ಯಾದ ಸುಲಾವೇಸಿಯ ಪಕ್ಕ ಬಂಗ್ಗಾಯಿ ಅಂತ ಒಂದು ದ್ವೀಪ ಸಮೂಹ. ಅಲ್ಲಿ ಮಾತ್ರ ಇರೋ ಬೆಳ್ಳಿ-ಕಪ್ಪು ಬಣ್ಣದ ಬಂಗ್ಗಾಯಿ ಕಾರ್ಡಿನಲ್ ಮೀನನ್ನು ವಿಜ್ಞಾನಿಗಳು ಹೆಸರಿಟ್ಟು ದಾಖಲಿಸಿದ್ದು 1933ರಲ್ಲಿ. ಆಮೇಲೆ ಅರವತ್ತು ವರ್ಷ ಹೆಚ್ಚುಕಡಿಮೆ ಯಾರೂ ವಿಚಾರಿಸಲಿಲ್ಲ. 1990ರ ದಶಕದ ಮಧ್ಯದಲ್ಲಿ ಮತ್ತೆ 'ಸಿಕ್ಕಿತು', ಅಕ್ವೇರಿಯಂ ಲೋಕ ಹುಚ್ಚೆದ್ದಿತು, ವರ್ಷಕ್ಕೆ ಲಕ್ಷಗಟ್ಟಲೆ ಹಿಡಿದರು. ಈ ಮೀನಿನ ಗಂಡು ಮೊಟ್ಟೆಗಳನ್ನೂ ಆಮೇಲೆ ಮರಿಗಳನ್ನೂ ಹೆಚ್ಚುಕಡಿಮೆ ಒಂದು ತಿಂಗಳು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಬೇರೆ ಸಮುದ್ರ ಮೀನುಗಳ ಮರಿಗಳ ಹಾಗೆ ಇದರ ಮರಿಗಳು ಪ್ರವಾಹದಲ್ಲಿ ತೇಲಿ ದೂರ ಹೋಗೋದಿಲ್ಲ, ಅಲ್ಲೇ ಕಡಲ ಮುಳ್ಳುಹಂದಿ ಅಂತೀವಲ್ಲ, ಅದರ ಉದ್ದ ಮುಳ್ಳುಗಳ ನಡುವೆ ಅಡಗಿ ಬೆಳೆಯುತ್ತವೆ. ಅಂದ್ರೆ ಒಂದು ಕೊಲ್ಲಿಯಲ್ಲಿ ಖಾಲಿಯಾದರೆ ಪಕ್ಕದ ಕೊಲ್ಲಿಯಿಂದ ತಾನಾಗಿ ಬಂದು ತುಂಬೋದಿಲ್ಲ. 2007ರಲ್ಲಿ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಹಾಕಿತು. ತಮಾಷೆ ಏನಂದ್ರೆ, ಸಮುದ್ರ ಮೀನುಗಳಲ್ಲಿ ಟ್ಯಾಂಕಿನಲ್ಲೇ ಸುಲಭವಾಗಿ ಮರಿ ಮಾಡಿಸಬಹುದಾದ ಮೀನೂ ಇದೇ. ಸುಲಭವಾಗಿ ಮನೆಯಲ್ಲೇ ಹುಟ್ಟಿಸಬಹುದಾಗಿದ್ದನ್ನು ಸಮುದ್ರದಿಂದ ಬಾಚಿದ್ದು ಯಾಕೆ? ಹಾಗೆ ತರೋದು ಅಗ್ಗ, ಅಷ್ಟೇ.

ಹಾಗಾದ್ರೆ ಎಲ್ಲ ನಿಷೇಧಿಸಿಬಿಡೋಣವಾ? ಇಲ್ಲಿ ನನ್ನ ಕೆಲವು ಗೆಳೆಯರ ಜೊತೆ ನನಗೆ ಜಗಳ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದು, 158 ಜಾತಿಗಳ ಪಟ್ಟಿ ಕೊಟ್ಟು, ಇವನ್ನು ಮಾರೋ ಹಾಗಿಲ್ಲ ಅಂದಿತ್ತು. ಆಮೇಲೆ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಆ ಪಟ್ಟಿಯಲ್ಲಿ ಕ್ಲೌನ್ ಮೀನೂ ಇತ್ತು! ನಮ್ಮದೇ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕೂತು ಮರಿ ಮಾಡೋ ವಿಧಾನ ಕಂಡುಹಿಡಿದ ಮೀನು ಅದು. ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರು ಹ್ಯಾಚರಿಯಲ್ಲಿ ಹುಟ್ಟಿದ ಅಲಂಕಾರಿಕ ಸಿಗಡಿ, ಕ್ಲೌನ್ ಮರಿಗಳನ್ನು ಸಾಕಿ ಬೆಳೆಸಿ ದುಡ್ಡು ಮಾಡೋದು ಕಲಿತಿದ್ದಾರೆ. ಸಮುದ್ರದಿಂದ ಬಾಚಿದ ಮೀನನ್ನೂ ತೊಟ್ಟಿಯಲ್ಲಿ ಹುಟ್ಟಿದ ಮೀನನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಇವರು ಏನು ಮಾಡಬೇಕು? ಮಾರುಕಟ್ಟೆಯೇ ಇಲ್ಲದಿದ್ದರೆ ಮರಿ ಮಾಡೋ ಕಷ್ಟ ಯಾರು ಪಡ್ತಾರೆ?

ಕಷ್ಟ ಸಣ್ಣದಲ್ಲ. ನೀಮೋ ಸಿನಿಮಾದ ಡೋರಿ ಇದೆಯಲ್ಲ, ಬ್ಲೂ ಟ್ಯಾಂಗ್, ಅದನ್ನು ಟ್ಯಾಂಕಿನಲ್ಲಿ ಹುಟ್ಟಿಸಿ ಬೆಳೆಸೋದು ಫ್ಲೋರಿಡಾ ವಿಶ್ವವಿದ್ಯಾಲಯದವರಿಗೆ ಸಾಧ್ಯವಾಗಿದ್ದು 2016ರಲ್ಲಿ. ಹಳದಿ ಟ್ಯಾಂಗ್ 2015ರಲ್ಲಿ ಹವಾಯಿಯಲ್ಲಿ. ಹುಟ್ಟೋ ಮರಿ ಎಷ್ಟು ಚಿಕ್ಕದು ಅಂದ್ರೆ ಅದರ ಬಾಯಿಗೆ ಹಿಡಿಸೋ ಆಹಾರ ಹುಡುಕೋದೇ ದೊಡ್ಡ ಸಂಶೋಧನೆ. ಮ್ಯಾಂಡರಿನ್ನನ್ನೂ ಈಗ ವಿದೇಶದ ಕೆಲವು ಹ್ಯಾಚರಿಗಳು ಹುಟ್ಟಿಸಿ, ಕಾಳಿನ ಆಹಾರ ತಿನ್ನೋದು ಕಲಿಸಿಯೇ ಮಾರುತ್ತಿವೆ. ನಾನು ತಂದದ್ದು ಅದಲ್ಲ. ಕೇಳಲೂ ಇಲ್ಲ.

ಇನ್ನೊಂದು ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಅದನ್ನು ಮುಚ್ಚಿಡೋದಿಲ್ಲ. ಬಲೆಯಿಂದ, ಲೆಕ್ಕವಿಟ್ಟು ಮೀನು ಹಿಡಿಯೋ ಬಡ ಬೆಸ್ತರಿದ್ದಾರೆ. ಬ್ರೆಜಿಲಿನ ಬಾರ್ಸೆಲೋಸ್ ಕಡೆ ಅಮೆಜಾನ್ ಕಾಡಿನ ಸಣ್ಣ ಕಾರ್ಡಿನಲ್ ಟೆಟ್ರಾ ಮೀನು ಹಿಡಿದು ಬದುಕೋ ಜನರಿಂದಲೇ ಆ ಕಾಡು ಉಳಿದಿದೆ ಅನ್ನೋರಿದ್ದಾರೆ, ಅದರಲ್ಲಿ ಹುರುಳೂ ಇದೆ. ಎಲ್ಲವನ್ನೂ ಹ್ಯಾಚರಿಗೆ ಸಾಗಿಸಿದರೆ ಆ ದಡದವರ ಕೈ ಖಾಲಿ, ಆಮೇಲೆ ಅವರು ಹವಳವನ್ನು ಯಾಕೆ ಕಾಯಬೇಕು? ಒಪ್ಪುತ್ತೇನೆ. ಆದರೆ ಟ್ಯಾಂಕಿನಲ್ಲಿ ಉಣ್ಣೋ, ವರ್ಷಗಟ್ಟಲೆ ಬದುಕೋ ಮೀನಿಗೆ ಆ ಮಾತು ಸರಿ. ಹಿಡಿದ ದಿನವೇ ಉಪವಾಸದ ಶಿಕ್ಷೆ ಆದ ಹಾಗಿರೋ ಮೀನಿಗೆ ಅದನ್ನು ಅನ್ವಯಿಸೋದು ಹೇಗೆ?

ಹಾಗಾಗಿ ನನ್ನ ಮಟ್ಟಿಗೆ ನಿಯಮ ಇಷ್ಟು. ಎಲ್ಲಿ ಹುಟ್ಟಿದ್ದು ಅಂತ ಕೇಳೋದು. ಅಂಗಡಿಯಲ್ಲೇ, ನನ್ನ ಕಣ್ಣೆದುರು, ನಾನು ದಿನಾ ಕೊಡಬಹುದಾದ ಆಹಾರ ತಿನ್ನುತ್ತಾ ಅಂತ ನೋಡೋದು. ಎರಡಕ್ಕೂ ಉತ್ತರ ಸಿಗದಿದ್ದರೆ ಉಪ್ಪು ತಗೊಂಡು ವಾಪಸ್ ಬರೋದು. ಮತ್ತೆ, ವಿಡಿಯೋ ಹಾಕೋದಾದ್ರೆ ಮೀನು ಸತ್ತದ್ದನ್ನೂ ಹಾಕೋದು. ಆಫೀಸಿನ ಗುಂಪಿಗೆ ಹಾಕಿದೆ, ತಡವಾಗಿಯಾದರೂ. ನಲವತ್ತು ಹಾರ್ಟಿನ ಬದಲು ಈ ಸಲ ಬಂದದ್ದು ಮೂರು ಮೆಸೇಜು. ಅದರಲ್ಲಿ ಒಂದು ಆ ಹುಡುಗನದು: "ಬ್ರೋ, ಮೊದಲೇ ಹೇಳ್ಬಾರ್ದಿತ್ತಾ?"

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮನ ಜೊತೆ ಶೃಂಗೇರಿಗೆ ಹೋಗಿದ್ದೆ. ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದೆವು. ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ತಿಂದವು, ನೀರು ಹಾರಿ ಪ್ಯಾಂಟು ಒದ್ದೆ. ಅಮ್ಮ ಪೊಟ್ಟಣ ಕೊಡವುತ್ತಾ, "ಇವಕ್ಕೆ ನಾವು ಹಾಕದಿದ್ರೂ ನಡೆಯುತ್ತೆ ಬಿಡು" ಅಂದ್ರು. ಯಾಕೆ ಹೇಳಿದ್ರು ಅಂತ ಇಬ್ಬರಿಗೂ ಗೊತ್ತಿತ್ತು.

ಕ್ಲೌನ್‌ಗಳು ಚೆನ್ನಾಗಿವೆ. ದೊಡ್ಡದು ಹೆಣ್ಣಾಗಿದೆ (ಕ್ಲೌನ್‌ಗಳಲ್ಲಿ ಎಲ್ಲರೂ ಹುಟ್ಟುವಾಗ ಗಂಡೇ, ದೊಡ್ಡದಾದದ್ದು ಹೆಣ್ಣಾಗುತ್ತೆ. ಸಿನಿಮಾದವರು ಇದನ್ನು ಹೇಳಿದ್ರೆ ನೀಮೋನ ಅಪ್ಪನ ಕಥೆ ಬೇರೆಯೇ ಆಗ್ತಿತ್ತು :)). ಹೋದ ಮಂಗಳವಾರ ಹೂಕುಂಡದ ಚೂರಿನ ಮೇಲೆ ಕಿತ್ತಳೆ ಚುಕ್ಕಿಗಳ ಹಾಗೆ ಮೊಟ್ಟೆ ಇಟ್ಟಿವೆ. ಮರಿಗೆ ಮೊದಲ ಆಹಾರ ರೋಟಿಫರ್ ಬೇಕಂತೆ, ಅದನ್ನು ಬೆಳೆಸೋಕೆ ಹಸಿರು ಪಾಚಿಯ ನೀರು ಬೇಕಂತೆ. ಕೋಲಾ ಬಾಟಲಿಗಳನ್ನು ಮತ್ತೆ ಹೊರಗೆ ತೆಗೆದಿದ್ದೇನೆ. ನಿಮ್ಮಲ್ಲಿ ಯಾರಿಗಾದ್ರೂ ಬೆಂಗಳೂರಿನಲ್ಲಿ ರೋಟಿಫರ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದರೆ ಬೇಗ ಹೇಳಿ, ಇನ್ನು ನಾಲ್ಕೈದು ದಿನದಲ್ಲಿ ಮೊಟ್ಟೆ ಒಡೆಯುತ್ತೆ.